ಪೊಲೀಸರ ಮುಂದಿನ ತಪ್ಪೊಪ್ಪಿಗೆ ಏಕೆ ಸಾಲದು?

ಪ್ರಶ್ನೆ: ಆರೋಪಿಯೇ ಪೊಲೀಸರ ಎದುರು ತಪ್ಪು ಒಪ್ಪಿಕೊಂಡಿದ್ದರೂ ನ್ಯಾಯಾಲಯ ಅದನ್ನು ಏಕೆ ಪರಿಗಣಿಸುವುದಿಲ್ಲ? (ಓದುಗರು, ಶಿಕಾರಿಪುರ)

ಉತ್ತರ: ಭಯ, ದಣಿವು ಅಥವಾ ಬಲವಂತಕ್ಕೆ ಸಿಲುಕಿದ ನಿರಪರಾಧಿಯೂ ಮಾಡದ ತಪ್ಪನ್ನು ಒಪ್ಪಿಕೊಳ್ಳುವ ಸಾಧ್ಯತೆ ಇರುವುದರಿಂದ, ಪೊಲೀಸ್ ಅಧಿಕಾರಿಗೆ ನೀಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವುದನ್ನು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ನಿಷೇಧಿಸಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಆ ನಿಷೇಧವನ್ನು ಉಳಿಸಿಕೊಂಡಿದೆ. ಶಿಕಾರಿಪುರ, ಸೊರಬದ ಬೆಳೆಗಾರರು ತಂದ ಅಡಿಕೆ ಮೂಟೆಯನ್ನು ಮಂಡಿಯಲ್ಲಿ ಮನೆಯ ಚೀಟಿಯ ಲೆಕ್ಕಕ್ಕೆ ಬಿಡದೆ ಮತ್ತೊಮ್ಮೆ ತೂಗುವಂತೆ, ನ್ಯಾಯಾಲಯವೂ ಆರೋಪವನ್ನು ಸ್ವತಂತ್ರ ಸಾಕ್ಷ್ಯದ ತಕ್ಕಡಿಯಲ್ಲಿಟ್ಟು ತೂಗುತ್ತದೆ.

ಆರೋಪಿ ಸ್ವಇಚ್ಛೆಯಿಂದ ಒಪ್ಪಿಕೊಳ್ಳಲು ಬಯಸಿದರೆ ಮ್ಯಾಜಿಸ್ಟ್ರೇಟರು ಹೇಳಿಕೆಯನ್ನು ದಾಖಲಿಸಬಹುದಾದರೂ, ಒಪ್ಪಿಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲವೆಂದೂ ಹೇಳಿದ್ದು ಅವನ ವಿರುದ್ಧವೇ ಬಳಕೆಯಾಗಬಹುದೆಂದೂ ಮೊದಲು ತಿಳಿಸಬೇಕು. ಅವನು ಹಿಂದೆ ಸರಿದರೆ ಆ ಕಾರಣಕ್ಕೆ ಅವನನ್ನು ಪೊಲೀಸ್ ವಶಕ್ಕೆ ಒಪ್ಪಿಸುವಂತಿಲ್ಲ. ಪೊಲೀಸ್ ವಶದಲ್ಲಿರುವವನು ನೀಡಿದ ಮಾಹಿತಿಯಿಂದ ಆಯುಧವೋ ಕದ್ದ ಒಡವೆಯೋ ಪತ್ತೆಯಾದಾಗ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತು ಮಾತ್ರ ಸಾಕ್ಷ್ಯವಾಗುತ್ತದೆ.

ಕರ್ನಾಟಕ ರಾಜ್ಯವೇ ಪ್ರತಿವಾದಿಯಾಗಿದ್ದ ‘ಸೆಲ್ವಿ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಔಷಧಿಯ ಮಂಪರಿನಲ್ಲಿ ಪ್ರಶ್ನಿಸುವ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮತ್ತು ಮಿದುಳಿನ ಸ್ಪಂದನೆ ಅಳೆಯುವ ಪರೀಕ್ಷೆಗಳನ್ನು ಸಮ್ಮತಿಯಿಲ್ಲದೆ ನಡೆಸುವಂತಿಲ್ಲವೆಂದು ತೀರ್ಪಿತ್ತಿತು; ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೇ ವಿಧಿ ಇದಕ್ಕೆ ಆಧಾರ. ಆದ್ದರಿಂದ ಠಾಣೆಯ ತಪ್ಪೊಪ್ಪಿಗೆ ತನಿಖೆಯ ಸುಳಿವಾಗಬಹುದೇ ಹೊರತು ಶಿಕ್ಷೆಯ ಆಧಾರವಾಗಲಾರದು.