ಗಂಡನೋ, ಗುದ್ದಲಿಯೋ? ಪಿಚ್ ನೋಡಿ ಹೇಳಿ!

ಕನ್ನಡದಲ್ಲಿ ‘ಹೌದಾ’ ಅನ್ನೋದನ್ನ ಹೇಗೇ ಎಳೆದು ಹೇಳಿ, ಕೋಪವೋ ಅನುಮಾನವೋ ಬದಲಾಗಬಹುದು, ಪದ ಬದಲಾಗಲ್ಲ. ನೈಜೀರಿಯಾದ ನೈಋತ್ಯ ಭಾಗದಲ್ಲಿ, ಪಕ್ಕದ ಬೆನಿನ್‌ನಲ್ಲಿ ಆಡುವ ಯೊರುಬಾ ಭಾಷೆಯ ಕತೆಯೇ ಬೇರೆ. ‘ಒಕೊ’ ಅನ್ನೋದನ್ನ ಪೂರ್ತಿ ಮಧ್ಯದ ಮಟ್ಟದಲ್ಲಿ ಹೇಳಿದರೆ ಗಂಡ. ಕೊನೆಯ ಅಕ್ಷರ ಏರಿಸಿದರೆ ಗುದ್ದಲಿ, ಇಳಿಸಿದರೆ ವಾಹನ. ಎರಡನ್ನೂ ತಗ್ಗಿಸಿದರೆ ಈಟಿ!

ನಾನು ಧ್ವನಿ ದತ್ತಾಂಶದ ಕೆಲಸ ಮಾಡೋದು. ಯೊರುಬಾ ರೆಕಾರ್ಡಿಂಗ್‌ಗಳು ಬಂದಾಗ ಸಾಫ್ಟ್‌ವೇರ್ ಆರಿಸುವ ಹೊಣೆ ನನ್ನ ಪಾಲಿಗೆ ಬಂತು. ಜೊತೆಗೆ ಬಂದ ಬರಹದಲ್ಲಿ ಏರಿಳಿತದ ಚಿಹ್ನೆಗಳೇ ಇರಲಿಲ್ಲ. ಮೊಬೈಲ್‌ನಲ್ಲಿ ಅವನ್ನ ಬಿಟ್ಟು ಟೈಪ್ ಮಾಡೋದು ಅಲ್ಲಿ ಮಾಮೂಲು. ಅಂದ್ರೆ ಅರ್ಥ ಉಳಿದಿದ್ದು ದನಿಯಲ್ಲಿ ಮಾತ್ರ. ಅಲ್ಲಿ ತಪ್ಪಿದರೆ ಯಂತ್ರ ಗಂಡನನ್ನ ಈಟಿ ಅಂತ ಕಲಿಯುತ್ತೆ.

ಆಡಾಸಿಟಿ ಕತ್ತರಿಸಿ ಜೋಡಿಸೋಕೆ ಚೆನ್ನ, ಅಷ್ಟೇ. ಈಲಾನ್ ವಿಡಿಯೋಗೆ ಟಿಪ್ಪಣಿ ಹಾಕೋಕೆ ಒಳ್ಳೇದು. ಎಸ್‌ಐಎಲ್‌ನ ಸ್ಪೀಚ್ ಅನಲೈಸರ್ ಇಷ್ಟವಾಯ್ತು, ಆದರೆ ಅದು ವಿಂಡೋಸ್‌ಗೆ ಮಾಡಿದ್ದು, ನಮ್ಮಲ್ಲಿ ಅರ್ಧ ಜನರ ಹತ್ತಿರ ಮ್ಯಾಕ್. ಕೊನೆಗೆ ಪ್ರಾಟ್‌ಗೆ ನಿಂತೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ, ಡೇವಿಡ್ ವೇನಿಂಕ್ ಕಟ್ಟಿದ್ದು, ಪೂರ್ತಿ ಉಚಿತ. ನೋಡೋಕೆ ಹಳೇ ಬ್ಯಾಂಕಿನ ಕಂಪ್ಯೂಟರ್ ಪರದೆ ಥರ ಇದೆ, ಇರಲಿ ಬಿಡಿ.

ಪ್ರಾಟ್ ಆರಿಸಿದ್ದಕ್ಕೆ ಮುಖ್ಯ ಕಾರಣ, ಅದರ ಊಹೆಯನ್ನ ನಾವು ತಿದ್ದಬಹುದು. ಪಿಚ್ ಹುಡುಕುವಾಗ ಕೆಳಮಿತಿ, ಮೇಲ್ಮಿತಿ ನಾವೇ ಕೊಡಬಹುದು. ಕೆಳಮಿತಿ 100 ಹರ್ಟ್ಜ್‌ಗೆ ಇಟ್ಟರೆ ಗಂಡಸಿನ 80 ಹರ್ಟ್ಜ್‌ನ ಇಳಿದನಿ ಕಾಣೋದೇ ಇಲ್ಲ. ವಾಕ್ಯದ ಕೊನೆಯ ಇಳಿದನಿಯಂತೂ ಇನ್ನೂ ಜಾರಿ ಗೊರಗೊರ ಅನ್ನುತ್ತೆ, ಆಗ ಗೆರೆ ಮಾಯವಾಗುತ್ತೆ ಅಥವಾ ಅರ್ಧಕ್ಕೋ ದುಪ್ಪಟ್ಟಿಗೋ ಹಾರುತ್ತೆ. ‘ಒಕೊ’ ನಡುವೆ ಗೆರೆ ತುಂಡಾದರೆ ಮಾತ್ರ ಗಾಬರಿ ಬೇಡ. ‘ಕ್’ ಹೇಳುವಾಗ ಗಂಟಲು ಕಂಪಿಸಲ್ಲ, ಹಾಗಾಗಿ ಅಲ್ಲಿ ಪಿಚ್ಚೇ ಇರಲ್ಲ.

ಇನ್ನೊಂದು ವಿಷಯ. ಬರೀ ಹರ್ಟ್ಜ್ ಅಂಕಿ ನಂಬಬೇಡಿ. ನಡುವೆ ಇಳಿದನಿಗಳು ಬಂದರೆ ಮುಂದಿನ ಏರುದನಿಗಳೂ ಮೆಟ್ಟಿಲಿಳಿದಂತೆ ತಗ್ಗುತ್ತಾ ಹೋಗುತ್ತವೆ. ಆದ್ದರಿಂದ ಅಕ್ಕಪಕ್ಕದ ಅಕ್ಷರದ ಜೊತೆ ಹೋಲಿಸಬೇಕು, ಅದೂ ಸೆಮಿಟೋನ್‌ನಲ್ಲಿ. ಸಂಗೀತ ಕಲಿತವರಿಗೆ ಇದು ಹೊಸತಲ್ಲ: ಯಾವ ಶ್ರುತಿಯಲ್ಲಿ ಹಾಡಿದರೂ ‘ಪ’ ಅಂದರೆ ‘ಪ’ನೇ. ಯೊರುಬಾ ಜನರ ಮಾತಾಡುವ ಡೋಲು ‘ಡುಂಡುನ್’ ಕೂಡ ಹಗ್ಗ ಅದುಮಿ ಇದೇ ಏರಿಳಿತವನ್ನ ನುಡಿಸುತ್ತೆ, ಕೇಳಿದವರಿಗೆ ಮಾತು ತಿಳಿಯುತ್ತೆ.

ಲೇಬಲ್ ಹಾಕೋ ಕೆಲಸ ಯೊರುಬಾ ಮನೆಮಾತಿನ ಇಬ್ಬರದ್ದು. ಅವರು ಮೊದಲು ಗೆರೆ ಮುಚ್ಚಿಟ್ಟು ಕೇಳಿ ಬರೀತಾರೆ, ಆಮೇಲೆ ತೆರೆದು ನೋಡ್ತಾರೆ. ಎರಡೂ ಹೊಂದದ ಕಡೆ ನಾವು ಮೊದಲು ಬದಲಾಯಿಸೋದು ಪ್ರಾಟ್‌ನ ಮಿತಿಯನ್ನ, ಅವರು ಬರೆದದ್ದನ್ನಲ್ಲ.