ಹೆರಿಗೆಯ ನಂತರದ ರಕ್ತಸ್ರಾವ ಮತ್ತು ನಮ್ಮ ನೆರೆಯ ಹಳ್ಳಿಗಳಲ್ಲಿ ನಡೆದ ಸಂಶೋಧನೆ

ಮಗು ಹುಟ್ಟಿ ಅತ್ತೊಡನೆ ಹೆರಿಗೆ ಮುಗಿಯಿತೆಂದು ಮನೆಮಂದಿಯೆಲ್ಲ ನಿಟ್ಟುಸಿರು ಬಿಡುವುದು ವಾಡಿಕೆ. ಗಂಡೋ ಹೆಣ್ಣೋ ಎಂಬ ವಿಚಾರಣೆ, ಪೇಡೆ ಹಂಚುವ ಸಡಗರ ಆರಂಭವಾಗುತ್ತವೆ. ಆದರೆ ತಾಯಿಯ ಪಾಲಿಗೆ ಅತ್ಯಂತ ಎಚ್ಚರಿಕೆಯ ಕಾಲವು ಪ್ರಾರಂಭವಾಗುವುದು ಆ ಗಳಿಗೆಯಿಂದಲೇ. ಹೆರಿಗೆಯ ನಂತರ ಮಿತಿಮೀರಿ ರಕ್ತ ಹೋಗುವುದರಿಂದ ಜಗತ್ತಿನಾದ್ಯಂತ ಇಂದಿಗೂ ಅಸಂಖ್ಯ ತಾಯಂದಿರು ಪ್ರಾಣ ಕಳೆದುಕೊಳ್ಳುತ್ತಿದ್ದಾರೆ. ಈ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ವಿಜ್ಞಾನವು ಸಾಧಿಸಿರುವ ಪ್ರಗತಿಯ ಒಂದು ಮುಖ್ಯ ಭಾಗವು ಧಾರವಾಡದ ನೆರೆಯ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆದದ್ದೆಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಮೊದಲು ರಕ್ತ ಹೋಗುವ ಕಾರಣವನ್ನು ತಿಳಿಯೋಣ. ಮಗುವಿಗೆ ಆಹಾರ ಒದಗಿಸುವ ಮಾಸು ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡಿರುತ್ತದೆ. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ಪ್ರತಿ ನಿಮಿಷವೂ ಸುಮಾರು ಅರ್ಧ ಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿ ಬಿದ್ದಾಗ ಆ ಸ್ಥಳದ ರಕ್ತನಾಳಗಳ ಬಾಯಿಗಳು ತೆರೆದುಕೊಳ್ಳುತ್ತವೆ. ಈ ನಾಳಗಳು ಗರ್ಭಕೋಶದ ಸ್ನಾಯುಗಳ ನಡುವೆ ಹೆಣೆದುಕೊಂಡಿರುವುದರಿಂದ, ಸ್ನಾಯುಗಳು ಗಟ್ಟಿಯಾಗಿ ಕುಗ್ಗಿದೊಡನೆ, ಚೀಲದ ಬಾಯಿಗೆ ದಾರ ಬಿಗಿದಂತೆ ಅವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಸ್ನಾಯುಗಳು ಸಡಿಲವಾಗಿಯೇ ಉಳಿದರೆ ಅಥವಾ ಮಾಸಿನ ತುಣುಕು ಒಳಗೆ ಉಳಿದರೆ ರಕ್ತ ನಿಲ್ಲುವುದಿಲ್ಲ. ಚಿಕಿತ್ಸೆ ದೊರೆಯದ ಪಕ್ಷದಲ್ಲಿ ಎರಡು ಗಂಟೆಗಳೊಳಗೇ ಪ್ರಾಣ ಹೋಗಬಹುದು. ಅವಳಿ ಮಕ್ಕಳು, ದೀರ್ಘವಾದ ಬೇನೆ, ಹಲವು ಹೆರಿಗೆಗಳು ಈ ಅಪಾಯವನ್ನು ಹೆಚ್ಚಿಸುತ್ತವೆ. ಆದರೂ ಯಾವ ಮುನ್ಸೂಚನೆಯೂ ಇಲ್ಲದ ಆರೋಗ್ಯವಂತ ಚೊಚ್ಚಲು ಬಸುರಿಗೂ ಇದು ಸಂಭವಿಸಬಲ್ಲದು.

“ಒಳಗಿನ ಹೊಲಸು ರಕ್ತ ಹೋಗಲಿ ಬಿಡಿ, ಮೈ ಹಗುರಾಗುತ್ತದೆ” ಎಂದು ಹಿರಿಯರು ಹೇಳುವುದನ್ನು ನಾವು ಕೇಳುತ್ತಿರುತ್ತೇವೆ. ಹೊಲಸು ರಕ್ತವೆಂಬುದು ಇಲ್ಲ. ಹೋಗುವುದು ತಾಯಿಯ ಹೃದಯದಿಂದ ಬಂದ ಶುದ್ಧ ರಕ್ತವೇ. ಈ ಒಂದು ನಂಬಿಕೆಯು ಕಳೆದ ಸಮಯವನ್ನು ಯಾವ ಔಷಧಿಯೂ ಮರಳಿ ತರಲಾರದು.

ಈಗ ಬೆಳಗಾವಿಯ ವಿಷಯಕ್ಕೆ ಬರೋಣ. ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಬಹುಕಾಲದಿಂದ ಬಳಕೆಯಲ್ಲಿದೆ. ಆದರೆ ಅದನ್ನು ತಂಪು ಪೆಟ್ಟಿಗೆಯಲ್ಲಿಡಬೇಕು, ಚುಚ್ಚಲು ತರಬೇತಿ ಪಡೆದ ಕೈ ಬೇಕು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರುವ ತಾಯಿಗೆ ಏನು ಗತಿ? ಈ ಪ್ರಶ್ನೆಗೆ ಉತ್ತರ ಹುಡುಕಲು ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಡಾ. ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮುಂತಾದ ವೈದ್ಯರು ಅಮೆರಿಕೆಯ ಡಾ. ರಿಚರ್ಡ್ ಡರ್ಮನ್ ಅವರೊಡಗೂಡಿ 2002ರಿಂದ 2005ರವರೆಗೆ 1620 ಗ್ರಾಮೀಣ ತಾಯಂದಿರಲ್ಲಿ ಒಂದು ಪರೀಕ್ಷೆಯನ್ನು ಕೈಗೊಂಡರು. ಮಗು ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಐದು ನಿಮಿಷಗಳೊಳಗೆ ಆರೋಗ್ಯ ಸಹಾಯಕಿಯು ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು, ಉಳಿದವರಿಗೆ ನೋಡಲು ಅದರಂತೆಯೇ ಇದ್ದು ಔಷಧಿಯಿಲ್ಲದ ಗುಳಿಗೆಯನ್ನು ನುಂಗಿಸಿದಳು. ಯಾರಿಗೆ ಯಾವುದು ಎಂಬುದು ಕೊಟ್ಟವಳಿಗೂ ತಿಳಿದಿರಲಿಲ್ಲ, ನುಂಗಿದವಳಿಗೂ ತಿಳಿದಿರಲಿಲ್ಲ; ಪಕ್ಷಪಾತವನ್ನು ತಪ್ಪಿಸಲು ಈ ಏರ್ಪಾಡು.

ರಕ್ತವನ್ನು ಅಳೆಯುವುದು ಹೇಗೆ ಎಂಬುದೂ ಒಂದು ಸಮಸ್ಯೆಯೇ. ಬಟ್ಟೆ ಹೀರಿದ, ನೆಲಕ್ಕೆ ಹರಿದ ರಕ್ತವನ್ನು ಕಣ್ಣಳತೆಯಿಂದ ಹೇಳಲಾಗದು. ಆದುದರಿಂದ ಈ ವೈದ್ಯರು ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿದರು. ಅದರ ತುದಿಯಲ್ಲಿ ಆಲಿಕೆಯಂತಹ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಕಣ್ಣಳತೆಯು ಇದಕ್ಕೆ ಹೋಲಿಸಿದರೆ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ ತೋರಿಸುತ್ತದೆಂದು ಕಂಡುಬಂದಿತು. ನನ್ನ ಅಭಿಪ್ರಾಯದಲ್ಲಿ ಗುಳಿಗೆಗಿಂತಲೂ ಈ ಸಾದಾ ಹಾಳೆಯೇ ದೊಡ್ಡ ಕಾಣಿಕೆ.

ಫಲಿತಾಂಶವು 2006ರಲ್ಲಿ ಪ್ರಕಟವಾಯಿತು. ಅರ್ಧ ಲೀಟರು, ಅಂದರೆ ಒಂದು ಸಣ್ಣ ನಂದಿನಿ ಹಾಲಿನ ಪಾಕೀಟಿನಷ್ಟು ಅಥವಾ ಅದಕ್ಕೂ ಹೆಚ್ಚು ರಕ್ತ ಕಳೆದುಕೊಂಡವರು ಔಷಧಿಯಿಲ್ಲದ ಗುಂಪಿನಲ್ಲಿ ನೂರಕ್ಕೆ 12, ಔಷಧಿ ಪಡೆದವರಲ್ಲಿ ನೂರಕ್ಕೆ 6.4 ಮಾತ್ರ. ಕೆಲವರಿಗೆ ಚಳಿ ನಡುಕ, ಜ್ವರ ಬಂದು ಅಲ್ಪಕಾಲದಲ್ಲಿ ಇಳಿದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲನ್ನು ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೆ ಒಂದು ಎಚ್ಚರಿಕೆ: ಮಗು ಹೊಟ್ಟೆಯಲ್ಲಿರುವಾಗ, ಅವಳಿಯಲ್ಲಿ ಎರಡನೆಯ ಮಗು ಒಳಗಿರುವಾಗ ಇದನ್ನು ನುಂಗಿದರೆ ಗರ್ಭಕೋಶವೇ ಒಡೆಯಬಹುದು. ಅಂಗಡಿಯಿಂದ ತಾವೇ ತಂದು ಕೊಡಕೂಡದು.

ನಂತರ ಬೇರೆ ಸಂಶೋಧನೆಗಳೂ ನಡೆದವು. ಟ್ರಾನೆಕ್ಸಾಮಿಕ್ ಆಮ್ಲವೆಂಬ ಚುಚ್ಚುಮದ್ದನ್ನು ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವುಗಳು ಸುಮಾರು ಮೂರನೆಯ ಒಂದು ಭಾಗ ತಗ್ಗುವುದೆಂದು 2017ರಲ್ಲಿ ತಿಳಿಯಿತು. ತಂಪು ಪೆಟ್ಟಿಗೆ ಬೇಡದ ಕಾರ್ಬಿಟೋಸಿನ್, ಆಕ್ಸಿಟೋಸಿನ್‌ಗೆ ಸರಿದೂಗುವುದೆಂದು 2018ರಲ್ಲಿ ಭಾರತವೂ ಸೇರಿದಂತೆ 10 ದೇಶಗಳ ಪರೀಕ್ಷೆ ತೋರಿಸಿತು. ಇವೆಲ್ಲಕ್ಕೂ ಮಿಗಿಲಾದದ್ದು 2023ರ ವರದಿ. ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಈ ಪರೀಕ್ಷೆ ನಡೆಯಿತು. ಅಳತೆಯ ಹಾಳೆಯನ್ನು ಹಾಸಿ, ರಕ್ತ ಮಿತಿ ಮೀರಿದೊಡನೆ ಗರ್ಭಕೋಶವನ್ನು ತಿಕ್ಕುವುದು, ಔಷಧಿಗಳು, ಸಲೈನ್, ತಪಾಸಣೆ ಎಲ್ಲವನ್ನೂ ಒಟ್ಟಿಗೇ ಮಾಡಿದಲ್ಲಿ ಭಾರೀ ರಕ್ತಸ್ರಾವ ಮುಂತಾದ ಗಂಭೀರ ಪರಿಣಾಮಗಳು ಶೇಕಡಾ 60ರಷ್ಟು ಇಳಿದವು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅರ್ಧ ಲೀಟರಿನವರೆಗೆ ಕಾಯದೆ, 300 ಮಿಲಿಲೀಟರು ಹೋಗಿ ನಾಡಿ ಅಥವಾ ರಕ್ತದೊತ್ತಡ ಏರುಪೇರಾದರೆ ಚಿಕಿತ್ಸೆ ಆರಂಭಿಸಬೇಕೆಂದು ಸೂಚಿಸಿತು.

ದಂಪತಿಗಳಾದ ನಿಮಗೆ ಇದರಿಂದ ಏನು ಪ್ರಯೋಜನ? ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು. ತವರುಮನೆಗೆ ಹೋಗುವ ಮೊದಲೇ ಅಲ್ಲಿನ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಿರಿ. ತಾಯಿ ಕಾರ್ಡು ಜೊತೆಗಿರಲಿ. ರಕ್ತಹೀನತೆಯುಳ್ಳ ತಾಯಿಗೆ ಕಡಿಮೆ ರಕ್ತ ಹೋದರೂ ಗಂಡಾಂತರ. ಆದುದರಿಂದ ನಾಲ್ಕನೆಯ ತಿಂಗಳಿನಿಂದ 180 ದಿನ ಕಬ್ಬಿಣದ ಗುಳಿಗೆಯನ್ನು ಬಿಡದೆ ನುಂಗಬೇಕು. ಮಲ ಕಪ್ಪಾಗುವುದರಿಂದ ಅಂಜಬೇಕಾಗಿಲ್ಲ. ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಮೂರು ವರ್ಷಗಳ ಅಂತರವಿದ್ದರೆ ಕಳೆದ ರಕ್ತ ಮತ್ತೆ ತುಂಬಿಕೊಳ್ಳುತ್ತದೆ; ಬಯಸಿದವರಿಗೆ ಹೆರಿಗೆಯಾದ 48 ಗಂಟೆಗಳೊಳಗೇ ಕಾಪರ್-ಟಿ ಎಂಬ ವಂಕಿಯನ್ನು ಹಾಕಬಹುದು.

ಗಂಡಂದಿರಿಗೆ ಪ್ರತ್ಯೇಕವಾಗಿ ಒಂದು ಮಾತು. ಹುಬ್ಬಳ್ಳಿಯ ಕಿಮ್ಸ್‌ಗೆ ಕರೆದೊಯ್ಯಿರೆಂದು ವೈದ್ಯರು ಹೇಳಿದಾಗ ಮಾವನವರು ಬರಲಿ, ಅಣ್ಣನನ್ನು ಕೇಳೋಣ ಎನ್ನುತ್ತ ನಿಲ್ಲಬೇಡಿರಿ. ಆ ಅಪ್ಪಣೆಯನ್ನು ಎಂಟನೆಯ ತಿಂಗಳಿನಲ್ಲಿಯೇ ಪಡೆದಿಟ್ಟುಕೊಳ್ಳಿರಿ. ರಕ್ತ ಕೊಟ್ಟರೆ ಹೊಲದ ಕೆಲಸಕ್ಕೆ ಶಕ್ತಿ ಉಳಿಯದೆಂಬ ಭಯವು ನಿರಾಧಾರ. ಆರೋಗ್ಯವಂತ ಪುರುಷನು ಮೂರು ತಿಂಗಳಿಗೊಮ್ಮೆ ರಕ್ತದಾನ ಮಾಡಬಹುದು.

ಮನೆಗೆ ಬಂದ ನಂತರವೂ ಒಂದು ಗಂಟೆಯೊಳಗೆ ಬಟ್ಟೆ ಪೂರ್ತಿ ತೊಯ್ದರೆ, ದೊಡ್ಡ ಗಡ್ಡೆಗಳು ಬಿದ್ದರೆ, ಬಾಣಂತಿಗೆ ತಣ್ಣನೆಯ ಬೆವರು, ತಲೆಸುತ್ತು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿರಿ. ವಾಹನ ಬರುವವರೆಗೆ ಆಕೆಯನ್ನು ಅಂಗಾತ ಮಲಗಿಸಿ, ಬೆಚ್ಚಗೆ ಹೊದಿಸಿ, ಮೂತ್ರ ಮಾಡಿಸಿ, ಮಗುವನ್ನು ಎದೆಗೆ ಹಚ್ಚಿರಿ. ಮಗು ಚೀಪಿದಾಗ ತಾಯಿಯ ದೇಹದಲ್ಲಿಯೇ ಆಕ್ಸಿಟೋಸಿನ್ ಹುಟ್ಟಿ ಗರ್ಭಕೋಶವು ಕುಗ್ಗುತ್ತದೆ.