ಕಲ್ಯಾಣಕಾರಕದ ಸ್ವಾಸ್ಥ್ಯವಿಚಾರ: ವೈದ್ಯ ಮತ್ತು ರೋಗಿ

ಹಾಡುವಳ್ಳಿಯಿಂದ ಕೋಟೇಶ್ವರ, ಬಾರಕೂರುಗಳ ಮಾರ್ಗವಾಗಿ ಮೂಡಬಿದರೆಯವರೆಗೆ ಹಬ್ಬಿರುವ ಪ್ರದೇಶವು ಜೈನ ವೈದ್ಯಸಾಹಿತ್ಯಕ್ಕೆ ಅಪರಿಚಿತವಾದುದಲ್ಲ. ಹಾಡುವಳ್ಳಿಯೇ ಹಿಂದಿನ ಸಂಗೀತಪುರ. 16ನೆಯ ಶತಮಾನದಲ್ಲಿ ಅಲ್ಲಿಯ ಅರಸರ ಆಶ್ರಯದಲ್ಲಿದ್ದ ಸಾಳ್ವಕವಿಯು 'ವೈದ್ಯಸಾಂಗತ್ಯ'ವನ್ನು ರಚಿಸಿದನು. ಮೂಡಬಿದರೆಯ ಭಂಡಾರಗಳ ಓಲೆಗ್ರಂಥಗಳು ಪಂ. ಕೆ. ಭುಜಬಲಿ ಶಾಸ್ತ್ರಿಗಳ ಗ್ರಂಥಸೂಚಿಯಿಂದ (1948) ವಿದ್ವಾಂಸರಿಗೆ ಪರಿಚಿತವಾದವು. ವೈದ್ಯಗ್ರಂಥದ ಕಟ್ಟನ್ನು ಬಿಚ್ಚಿದವರು ಸಾಮಾನ್ಯವಾಗಿ ಮೊದಲು ಅರಸುವುದು ಔಷಧಯೋಗಗಳನ್ನು. ಕಷಾಯ, ಚೂರ್ಣ, ತೂಕ, ಅನುಪಾನಗಳಿಷ್ಟು ದೊರೆತರೆ ಗ್ರಂಥದ ಪ್ರಯೋಜನವೇ ದೊರೆತಂತೆ. ರೋಗವು ಗುಣವಾಗುವುದೆಂದರೇನು, ಗುಣಪಡಿಸುವವನು ಎಂತಹವನಾಗಿರಬೇಕು ಎಂಬ ಪ್ರಕರಣಗಳನ್ನು ಪೀಠಿಕೆಯೆಂದು ದಾಟಿಬಿಡುವುದು ರೂಢಿ. ಜೈನ ವೈದ್ಯದ ವೈಶಿಷ್ಟ್ಯವಿರುವುದಾದರೋ ಅಲ್ಲಿಯೇ.

9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ 'ಕಲ್ಯಾಣಕಾರಕ'ವು ಪಂ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಇದರಲ್ಲಿ ಸ್ವಾಸ್ಥ್ಯವು ಎರಡು ವಿಧ: ಪಾರಮಾರ್ಥಿಕ ಮತ್ತು ವ್ಯಾವಹಾರಿಕ. ದೋಷ, ಧಾತು, ಅಗ್ನಿಗಳ ಸಮತೆ ಹಾಗೂ ಇಂದ್ರಿಯ-ಮನಸ್ಸುಗಳ ಪ್ರಸನ್ನತೆ ವ್ಯಾವಹಾರಿಕ ಸ್ವಾಸ್ಥ್ಯ. ಇಷ್ಟನ್ನು ಸುಶ್ರುತನೂ ಹೇಳಿದ್ದಾನೆ. ಇದನ್ನೇ ಜೈನರ ವಿಶೇಷವೆಂದು ಕೊಂಡಾಡುವುದು ಸರಿಯಲ್ಲ. ಸಕಲ ಕರ್ಮಕ್ಷಯದಿಂದ ಲಭಿಸುವ ಅತೀಂದ್ರಿಯ ಸುಖವನ್ನು ಪಾರಮಾರ್ಥಿಕ ಸ್ವಾಸ್ಥ್ಯವೆಂದು ಕರೆದು, ವೈದ್ಯಗ್ರಂಥದೊಳಗೇ ಅದಕ್ಕೆ ಮೇಲಿನ ಸ್ಥಾನವನ್ನು ಕೊಟ್ಟಿರುವುದು ಆಚಾರ್ಯರ ವಿಶೇಷ. 'ವಡ್ಡಾರಾಧನೆ'ಯ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಬಲ್ಲವರಿಗೆ ಇದು ಹೊಸತೆನಿಸದು. ವೈದ್ಯನ ವೇಷದಲ್ಲಿ ಬಂದ ದೇವನು ಮೈಯ ರೋಗವನ್ನು ಕಳೆಯಬಲ್ಲೆನೆಂದಾಗ, ಆ ಮುನಿಯು ಕೇಳುವುದು ಸಂಸಾರವೆಂಬ ವ್ಯಾಧಿಗೆ ಮದ್ದುಂಟೇ ಎಂದು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ರೋಗಕ್ಕೆ ಮೂಲಕಾರಣ ಪೂರ್ವಕರ್ಮವೆಂದೂ ವಾತಾದಿ ದೋಷಗಳು ಬಾಹ್ಯಕಾರಣಗಳೆಂದೂ ಒಪ್ಪಿದ ಮೇಲೆ ಚಿಕಿತ್ಸೆಯೇಕೆ? ಉಗ್ರಾದಿತ್ಯರ ಸಮಾಧಾನವು ಲೋಕಾನುಭವದಿಂದ ಬಂದುದು. ಹಣ್ಣು ಮರದಲ್ಲಿಯೇ ಕಾಲಕ್ರಮದಿಂದ ಮಾಗುತ್ತದೆ; ಉಪಾಯದಿಂದ ಬೇಗನೆಯೂ ಮಾಗುತ್ತದೆ. ಕರ್ಮದ ಪಾಕವೂ ಹಾಗೆಯೇ. ಅದನ್ನು ಉಪಶಮನಗೊಳಿಸುವ ಕ್ರಿಯೆಯೇ ಚಿಕಿತ್ಸೆ. ಇದರಿಂದ ವೈದ್ಯ-ರೋಗಿಗಳ ಸಂಬಂಧದ ಸ್ವರೂಪವೇ ಬದಲಾಗುತ್ತದೆ. ವೈದ್ಯನು ಕೇವಲ ನಿಮಿತ್ತನು. 'ನಾನು ಬದುಕಿಸಿದೆ' ಎನ್ನುವ ಅಧಿಕಾರ ಅವನಿಗಿಲ್ಲ. ನಿನ್ನ ಕರ್ಮವೆಂದು ರೋಗಿಯನ್ನು ಕೈಬಿಡುವ ಅಧಿಕಾರವೂ ಇಲ್ಲ. ಧನಲೋಭ, ಕಾಮ, ಮಿತ್ರಸ್ನೇಹಾದಿಗಳಿಗಾಗಿ ಚಿಕಿತ್ಸೆ ಮಾಡದೆ, ಕಾರುಣ್ಯದಿಂದ, ತನ್ನ ಕರ್ಮಕ್ಷಯಾರ್ಥವಾಗಿ ಮಾಡಬೇಕೆಂಬ ವಿಧಿಯ ತಾತ್ಪರ್ಯವಿದು. ಹೀಗೆ ನೋಡಿದರೆ ಒಂದೇ ಕ್ರಿಯೆಯಲ್ಲಿ ಗುಣವಾಗಬೇಕಾದವರು ಇಬ್ಬರು.

'ಚಿಕಿತ್ಸಾ' ಶಬ್ದವೂ ವಿಚಾರಾರ್ಹ. 'ಕಿತ್' ಧಾತುವಿಗೆ 'ಸನ್' ಪ್ರತ್ಯಯ ಸೇರಿ ರೋಗಪರಿಹಾರಾರ್ಥದಲ್ಲಿ ಅದು ಸಿದ್ಧಿಸುತ್ತದೆ. 'ವಿ' ಉಪಸರ್ಗ ಸೇರಿದರೆ 'ವಿಚಿಕಿತ್ಸಾ', ಅಂದರೆ ಸಂಶಯ. ಜೈನ ಪರಿಭಾಷೆಯಲ್ಲಿ ಜುಗುಪ್ಸೆಯೂ ಹೌದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಗೆ ದೃಷ್ಟಾಂತವಾಗಿರುವ ಉದ್ದಾಯನರಾಜನು ವೈದ್ಯನಲ್ಲ, ಔಷಧವನ್ನು ಬಲ್ಲವನೂ ಅಲ್ಲ. ರೋಗಿಯಾದ ಮುನಿಯು ವಾಂತಿ ಮಾಡಿದಾಗ ಮುಖ ತಿರುಗಿಸದೆ ತೊಳೆದವನು. ಅಂತರಂಗ ತಪಸ್ಸುಗಳಲ್ಲೊಂದಾದ ವೈಯಾವೃತ್ಯದಲ್ಲಿ 'ಗ್ಲಾನ'ನ, ಎಂದರೆ ರೋಗಪೀಡಿತನಾದ ಮುನಿಯ ಸೇವೆ ಸೇರಿರುವುದನ್ನೂ, ಶ್ರಾವಕರ ಚತುರ್ವಿಧ ದಾನಗಳಲ್ಲಿ ಔಷಧದಾನವಿರುವುದನ್ನೂ ಇದರೊಡನೆ ನೆನೆಯಬೇಕು.

ಮದ್ಯ, ಮಾಂಸ, ಮಧುಗಳನ್ನು ಕಲ್ಯಾಣಕಾರಕವು ಔಷಧಕ್ಕೂ ಒಪ್ಪದು. ಮಾಂಸನಿರಾಕರಣಕ್ಕಾಗಿಯೇ ಹಿತಾಹಿತಾಧ್ಯಾಯವಿದೆ, ನೃಪತುಂಗನ ಸಭೆಯಲ್ಲಿ ನಡೆದ ವಾದವೆಂದು ಅದು ಪ್ರಸಿದ್ಧ. ಒಂದು ಜೀವವನ್ನು ಗುಣಪಡಿಸಲು ಇನ್ನೊಂದನ್ನು ಕೊಲ್ಲುವುದಾದರೆ ಸ್ವಾಸ್ಥ್ಯದ ಲಕ್ಷಣವೇ ಕೆಡುತ್ತದೆ.

ಇನ್ನು ಮದ್ದಿಗೆ ಮೀರಿದ ರೋಗ. ಸಮಂತಭದ್ರರ 'ರತ್ನಕರಂಡಕ'ವು ಪ್ರತೀಕಾರವಿಲ್ಲದ ವ್ಯಾಧಿಯನ್ನು ಸಲ್ಲೇಖನದ ಸಂದರ್ಭಗಳಲ್ಲಿ ಎಣಿಸಿದೆ. ಪ್ರತೀಕಾರವಿಲ್ಲವೆಂದು ನಿರ್ಣಯಿಸುವವರು ಯಾರು? ವೈದ್ಯನ ಸಾಕ್ಷ್ಯವಿಲ್ಲದೆ ಅದು ಸುಲಭಸಾಧ್ಯವಲ್ಲ. 2015ರ ಆಗಸ್ಟ್ ತಿಂಗಳಿನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯೊಡನೆ ಸಮೀಕರಿಸಿ ತೀರ್ಪಿತ್ತು, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆ ನೀಡಿದಾಗ, ವ್ರತದ ಧಾರ್ಮಿಕಾಧಾರಗಳ ಚರ್ಚೆ ಬಹಳವಾಗಿ ನಡೆಯಿತು. ವೈದ್ಯಗ್ರಂಥಗಳನ್ನು ತೆರೆದವರು ವಿರಳ. ಕಲ್ಯಾಣಕಾರಕದಲ್ಲಿಯಾದರೋ ಮರಣಸೂಚಕ ಲಕ್ಷಣಗಳನ್ನು ತಿಳಿಸುವ ರಿಷ್ಟಾಧ್ಯಾಯವೇ ಇದೆ. ಸೊಲ್ಲಾಪುರದ ಮುದ್ರಣದಲ್ಲಿ ಅದು ಎಲ್ಲ ಔಷಧಯೋಗಗಳೂ ಮುಗಿದ ಮೇಲೆ, ಪರಿಶಿಷ್ಟವಾಗಿ ಅಚ್ಚಾಗಿದೆ.